ಊರಹಂದಿಯ ವಂಶದಲ್ಲಿ ಆಯ್ಕೆಯ ಗುರುತುಗಳು

ತೆಲುಗು ನಾಡಿನಲ್ಲಿ ನೆಲೆಸಿದ ಕನ್ನಡಿಗನಿಗೆ 'ಪಂದಿ' ಎಂಬ ಮಾತು ಹೊಸದಾಗಿ ಕಲಿಯಬೇಕಾದದ್ದಲ್ಲ. ಕ್ರಿ.ಶ. ೯೪೯-೫೦ರ ಆತಕೂರಿನ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯೊಡನೆ ಹೋರಾಡಿ ಅದರೊಂದಿಗೇ ಸತ್ತ ಕಾಡುಪ್ರಾಣಿಗೆ ಇರುವ ಹೆಸರು 'ಪಂದಿ' ಎಂದೇ. ಮುಂದೆ ಕನ್ನಡದ ಪಕಾರವು ಹಕಾರವಾಗಿ ಅದು 'ಹಂದಿ'ಯಾಯಿತು; ತೆಲುಗಿನಲ್ಲಿಯೂ ಕೊಡವ ಭಾಷೆಯಲ್ಲಿಯೂ ಹಳೆಯ ರೂಪವೇ ನಿಂತಿತು; ಮಲಯಾಳದ 'ಪನ್ನಿ', ತುಳುವಿನ 'ಪಂಜಿ'ಗಳು ಅದೇ ಬುಡದ ಕವಲುಗಳು. ಬಾದಾಮಿಯ ಚಾಲುಕ್ಯರ ವರಾಹಲಾಂಛನವು ಇಮ್ಮಡಿ ಪುಲಿಕೇಶಿಯ ತಮ್ಮನಾದ ಕುಬ್ಜವಿಷ್ಣುವರ್ಧನನೊಡನೆ ಏಳನೆಯ ಶತಮಾನದಲ್ಲಿ ವೆಂಗಿಗೆ ಬಂದು ಅಲ್ಲಿಯ ತಾಮ್ರಶಾಸನಗಳ ಮುದ್ರೆಯಲ್ಲಿ ನೆಲೆಗೊಂಡಿತು. ಚಿನ್ನದ ನಾಣ್ಯಕ್ಕೆ ವರಾಹವೆಂದೇ ಹೆಸರಾಯಿತು. ವಿಶಾಖಪಟ್ಟಣದ ಸಿಂಹಾಚಲದಲ್ಲಿ ವರಾಹವೂ ನರಸಿಂಹನೂ ಒಂದೇ ಮೂರ್ತಿಯಾಗಿ ಪೂಜೆಗೊಳ್ಳುತ್ತಾರೆ. ಮುದ್ರೆಯಲ್ಲಿ, ನಾಣ್ಯದಲ್ಲಿ, ಗರ್ಭಗುಡಿಯಲ್ಲಿ ಇಷ್ಟೊಂದು ಗೌರವ ಪಡೆದ ಪ್ರಾಣಿಯ ಜೀವಂತ ಬಂಧುವಾದರೋ ವಿಜಯವಾಡದ ಕಾಲುವೆಯ ದಂಡೆಗಳಲ್ಲಿ ಕಸ ಕೆದಕುತ್ತ, 'ಯಾವ ತಳಿಗೂ ಸೇರದ್ದು' ಎಂಬ ಹೆಸರನ್ನು ಹೊತ್ತು ತಿರುಗುತ್ತದೆ.

ಈ ಹೆಸರು ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದೇ ಪ್ರಕೃತ ಲೇಖನದ ವಿಚಾರ. ಸರ್ಕಾರದ ಜಾನುವಾರು ಗಣತಿಯಲ್ಲಿ ಹಂದಿಗಳನ್ನು ಎರಡೇ ಪಂಗಡ ಮಾಡುತ್ತಾರೆ: ವಿದೇಶೀ ಹಾಗೂ ಮಿಶ್ರತಳಿ ಒಂದು, ದೇಶೀ ಹಾಗೂ ವರ್ಗವಿಲ್ಲದ್ದು ಇನ್ನೊಂದು. ೨೦೧೯ರ ಗಣತಿಯಲ್ಲಿ ಭಾರತದಲ್ಲಿ ಕಂಡುಬಂದ ಸುಮಾರು ೯೦ ಲಕ್ಷ ೬೦ ಸಾವಿರ ಹಂದಿಗಳಲ್ಲಿ ಹತ್ತಿರಹತ್ತಿರ ೭೧ ಲಕ್ಷ ೬೦ ಸಾವಿರ ಈ ಎರಡನೆಯ ಪಂಗಡಕ್ಕೆ ಸೇರಿದವು. ಎಂದರೆ ದೇಶದ ಐದು ಹಂದಿಗಳಲ್ಲಿ ನಾಲ್ಕರ ವಿಷಯದಲ್ಲಿ ದಾಖಲೆಯು ಹೇಳುವುದು, ಅವು ಇಂಥವು ಎಂದಲ್ಲ, ಇಂಥವಲ್ಲ ಎಂದು ಮಾತ್ರ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಕೆಲವು ದೇಶೀ ಹಂದಿಗಳನ್ನು ಅಳೆದು, ವರ್ಣಿಸಿ, ತಳಿಗಳೆಂದು ನೋಂದಾಯಿಸಿದೆ. ಬಂಗಾಳದ ಘುಂಗ್ರು, ಮೇಘಾಲಯದ ನಿಯಾಂಗ್ ಮೇಘ, ನಾಗಾಲ್ಯಾಂಡಿನ ತೆನ್ಯಿ ವೊ, ಅಸ್ಸಾಮಿನ ಡೂಮ್, ಗೋವೆಯ ಅಗೊಂಡ ಮುಂತಾದುವು ಆ ಪಟ್ಟಿಯಲ್ಲಿವೆ. ಪಟ್ಟಿಯ ಬಹುಭಾಗ ಪೂರ್ವ ಮತ್ತು ಈಶಾನ್ಯ ಭಾರತದ್ದು. ಅಲ್ಲಿ ಹಂದಿಯು ಮನೆಯ ಸಂಪತ್ತು. ದಕ್ಷಿಣದ ಬಯಲುಸೀಮೆಯಲ್ಲಿ ಅದು ಬೀದಿಯ ಪ್ರಾಣಿ. ನೋಡುವವರ ಕಣ್ಣು ಎಲ್ಲಿಗೆ ಮೊದಲು ಹೋಯಿತೆಂಬುದಕ್ಕೆ ಇದೂ ಒಂದು ಕಾರಣವಿರಬೇಕು.

ಆಂಧ್ರದ ಕರಾವಳಿಯ ಊರಹಂದಿಯನ್ನು ವಾಚಕರೆಲ್ಲರೂ ಕಂಡೇ ಇರುತ್ತಾರೆ. ಬಣ್ಣ ಬಹುಮಟ್ಟಿಗೆ ಕಪ್ಪು, ಕೆಲವೊಮ್ಮೆ ಬೂದು, ಬೆನ್ನಿನ ನಡುವೆ ಬಿರುಗೂದಲಿನ ಸಾಲು, ಮೂತಿ ಉದ್ದ ಮತ್ತು ನೇರ, ಕಾಲು ಗಟ್ಟಿ, ಮೈ ಚಿಕ್ಕದು. ಲಾರ್ಜ್ ವೈಟ್ ಯಾರ್ಕ್‌ಷೈರ್ ಎಂಬ ಸೀಮೆಹಂದಿಯ ಗಂಡು ಮುನ್ನೂರು ಕಿಲೋಗ್ರಾಂ ಮೀರುವುದುಂಟು; ಊರಹಂದಿ ನೂರು ಮುಟ್ಟುವುದೇ ಅಪರೂಪ. ಸೀಮೆಯದು ಸೂಲಿಗೆ ಹತ್ತು ಹನ್ನೆರಡು ಮರಿ ಹಾಕಿದರೆ ಇದು ಆರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದನ್ನು ಸಾಕುವವರು ತಲೆತಲಾಂತರದಿಂದ ಹೆಚ್ಚಾಗಿ ಎರುಕಲರು. ಇವರ ಬಂಧುಗಳೇ ಕನ್ನಡ ನಾಡಿನ ಕೊರಮ, ಕೊರಚರೆಂದು ಹೇಳುವುದುಂಟು. ಒಂದು ಕಡೆ ಪರಿಶಿಷ್ಟ ಪಂಗಡವೆಂದೂ ಇನ್ನೊಂದು ಕಡೆ ಪರಿಶಿಷ್ಟ ಜಾತಿಯೆಂದೂ ಇವರನ್ನು ಗಣಿಸಲಾಗಿದೆ. ಬ್ರಿಟಿಷರ ಕಾಲದ ಅಪರಾಧಿ ಬುಡಕಟ್ಟುಗಳ ಕಾನೂನು ೧೯೫೨ರಲ್ಲಿ ರದ್ದಾಗುವವರೆಗೂ ಇವರನ್ನು ಕುರಿತ ಸರ್ಕಾರಿ ಬರೆಹವೆಂದರೆ ಬಹುಪಾಲು ಪೊಲೀಸರ ಬರೆಹವೇ ಆಗಿತ್ತು. ಯಾವ ಗಂಡನ್ನು ಬೀಜಕ್ಕೆ ಉಳಿಸಿಕೊಳ್ಳುತ್ತಾರೆ, ಯಾವುದರ ಬೀಜ ತೆಗೆದು ಮಾಂಸಕ್ಕೆ ಬೆಳೆಸುತ್ತಾರೆ ಎಂದು ಇವರನ್ನು ಕೇಳಿ ಬರೆದುಕೊಳ್ಳಬೇಕೆಂದು ಯಾರಿಗೂ ತೋರಲಿಲ್ಲ. ಹಂದಿಗೆ ವಂಶಾವಳಿಯಿಲ್ಲ ಎಂಬ ಮಾತಿನ ನಿಜವಾದ ಅರ್ಥ, ವಂಶಾವಳಿಯನ್ನು ಬರೆದಿಟ್ಟವರಿಲ್ಲ ಎಂಬುದಷ್ಟೇ.

'ತಳಿ' ಎಂಬ ಮಾತಿಗೆ ಈಗ ಸಲ್ಲುವ ಅರ್ಥವು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನದು. ಯಾರ್ಕ್‌ಷೈರಿನ ನೇಕಾರ ಜೋಸೆಫ್ ಟ್ಯೂಲಿ ೧೮೫೧ರಲ್ಲಿ ಪಶುಪ್ರದರ್ಶನಕ್ಕೆ ತಂದ ದೊಡ್ಡ ಬಿಳಿಯ ಹಂದಿಗಳು ಜನರ ಕಣ್ಣನ್ನು ಸೆಳೆದವು. ೧೮೬೮ರಲ್ಲಿ ಅದು ಪ್ರತ್ಯೇಕ ತಳಿಯೆಂದು ಮಾನ್ಯವಾಯಿತು. ೧೮೮೪ರಲ್ಲಿ ಅಲ್ಲಿಯ ಹಂದಿಸಾಕಣೆಗಾರರ ಸಂಘವು ಹುಟ್ಟಿ, ತಂದೆತಾಯಿಗಳ ಹೆಸರನ್ನು ಪುಸ್ತಕದಲ್ಲಿ ಬರೆಯುವ ಪದ್ಧತಿ ನಿಂತಿತು. ಲೆಕ್ಕದ ಪುಸ್ತಕವಿದ್ದರೆ ತಳಿ, ಇಲ್ಲದಿದ್ದರೆ ಇಲ್ಲ ಎಂಬ ಭಾವನೆ ಅಲ್ಲಿಂದ ಹರಡಿತು. ಆದರೆ ಅದೇ ೧೮೬೮ರಲ್ಲಿ ಚಾರ್ಲ್ಸ್ ಡಾರ್ವಿನ್ ಸಾಕುಪ್ರಾಣಿಗಳ ವೈವಿಧ್ಯವನ್ನು ಕುರಿತು ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಆಯ್ಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಗುರಿಯಿಟ್ಟುಕೊಂಡು ಮಾಡುವ ಕ್ರಮಬದ್ಧವಾದ ಆಯ್ಕೆ ಒಂದು. ಮುಂದಿನ ಪೀಳಿಗೆಯ ಯೋಚನೆಯೇ ಇಲ್ಲದೆ, ಒಳ್ಳೆಯದನ್ನು ಉಳಿಸಿಕೊಂಡು ಕೆಟ್ಟದ್ದನ್ನು ಕಳೆಯುವುದರಿಂದ ತಾನಾಗಿ ನಡೆದುಹೋಗುವ ಅಪ್ರಜ್ಞಾಪೂರ್ವಕವಾದ ಆಯ್ಕೆ ಇನ್ನೊಂದು. ಮೂರನೆಯದು ನಿಸರ್ಗದ್ದು. ಯಾರ್ಕ್‌ಷೈರಿನ ಹಂದಿ ಮೊದಲನೆಯದರ ಕೂಸು. ಊರಹಂದಿಯ ಮೇಲೆ ಉಳಿದೆರಡೂ ಶತಮಾನಗಳ ಕಾಲ ಎಡೆಬಿಡದೆ ಕೆಲಸಮಾಡಿವೆ. ಬಿಸಿಲು, ಹಸಿವು, ರೋಗ, ಬೀಜ ತೆಗೆಯುವವನ ಕತ್ತಿ ಇವು ನಾಲ್ಕೂ ಆರಿಸುವವೇ.

ಆರಿಸಿದ್ದಕ್ಕೆ ಗುರುತೇನು? ಇಲ್ಲಿ ಗ್ರಂಥಸಂಪಾದನೆಯ ಪರಿಚಯವಿರುವ ವಾಚಕರಿಗೆ ವಿಷಯ ಸುಲಭವಾಗಿ ತಿಳಿಯುವಂಥದು. ಹಂದಿಯ ವಂಶದ್ರವ್ಯವಾದ ಡಿ.ಎನ್.ಎ.ಯು ಸುಮಾರು ೨೭೦ ಕೋಟಿ ಅಕ್ಷರಗಳ ಒಂದು ಗ್ರಂಥ. ನಾಲ್ಕೇ ಅಕ್ಷರಗಳ ಲಿಪಿ. ೧೯ ಜೋಡಿ ವರ್ಣತಂತುಗಳೆಂಬ ಕಟ್ಟುಗಳು. ಪ್ರತಿ ಪೀಳಿಗೆಯಲ್ಲಿಯೂ ಅದರ ಪ್ರತಿಯಾಗುತ್ತದೆ, ಪ್ರತಿಯೆತ್ತುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಪಲ್ಲಟವಾಗುತ್ತದೆ. ಒಂದು ಕಾವ್ಯದ ನೂರು ಓಲೆಪ್ರತಿಗಳು ನಾಡಿನಲ್ಲಿ ಹರಡಿವೆಯೆಂದು ಭಾವಿಸೋಣ. ಪ್ರತಿಯೊಂದರಲ್ಲಿಯೂ ಲಿಪಿಕಾರನ ಕೈತಪ್ಪುಗಳು ಬೇರೆಬೇರೆ. ಒಂದು ಪ್ರತಿಯ ಒಂದು ಪದ್ಯದಲ್ಲಿ ಮಾತ್ರ ಬಹು ರಮ್ಯವಾದ ಪಾಠಾಂತರವೊಂದು ಹುಟ್ಟಿತು; ರಸಿಕರು ಅದನ್ನು ಮೆಚ್ಚಿದರು; ಮುಂದೆ ಪ್ರತಿಮಾಡಿಸುವವರೆಲ್ಲ ಅದೇ ಕಟ್ಟನ್ನು ತರಿಸಿಕೊಂಡರು. ಆಗ ಆ ಒಂದು ಪಾಠವಷ್ಟೇ ಹರಡುವುದಿಲ್ಲ. ಅದರ ಹಿಂದಿನ ಮುಂದಿನ ಗರಿಗಳಲ್ಲಿದ್ದ, ಯಾರೂ ಮೆಚ್ಚದ, ಯಾರೂ ಗಮನಿಸದ ಕೈತಪ್ಪುಗಳೂ ಅದರ ಜೊತೆಗೆ ಸಾಗುತ್ತವೆ. ಕೆಲವು ತಲೆಮಾರು ಕಳೆದ ಮೇಲೆ ನೂರು ಪ್ರತಿಗಳನ್ನು ಎದುರಿಗಿಟ್ಟುಕೊಂಡ ಸಂಪಾದಕನಿಗೆ ಗ್ರಂಥದ ಎಲ್ಲೆಡೆಯಲ್ಲಿ ಪಾಠಭೇದಗಳು ಕಾಣುತ್ತವೆ, ಒಂದು ಭಾಗದಲ್ಲಿ ಮಾತ್ರ ಎಲ್ಲ ಪ್ರತಿಗಳೂ ವಿಚಿತ್ರವಾಗಿ ಒಮ್ಮತವಾಗಿರುತ್ತವೆ. ಆ ಒಮ್ಮತವೇ ಆಯ್ಕೆಯ ಗುರುತು.

ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾನ್ ಹೇ ಎಂಬವರು ಈ ಸಹಪ್ರಯಾಣದ ಗಣಿತವನ್ನು ೧೯೭೪ರಲ್ಲಿ ಕೊಟ್ಟರು. ಪೊರಕೆಯ ಒಂದು ಬೀಸಿಗೆ ಅಂಗಳದ ಒಂದು ಪಟ್ಟಿ ಸ್ವಚ್ಛವಾಗುವಂತೆ ವೈವಿಧ್ಯವು ಅಲ್ಲಿ ಗುಡಿಸಿಹೋಗುತ್ತದೆಂದು ಈ ಶಾಸ್ತ್ರದವರು ಹೋಲಿಕೆ ಕೊಡುತ್ತಾರೆ. ಆ ಪಟ್ಟಿಯ ಉದ್ದವೂ ಮಾತಾಡುತ್ತದೆ. ಪ್ರತಿಯೆತ್ತುವವರು ಕಾಲಾಂತರದಲ್ಲಿ ಒಂದು ಕಟ್ಟಿನ ಮೊದಲರ್ಧವನ್ನೂ ಮತ್ತೊಂದರ ಉತ್ತರಾರ್ಧವನ್ನೂ ಬೆರೆಸುವಂತೆ, ತಂದೆಯಿಂದ ಬಂದ ತಂತುವಿಗೂ ತಾಯಿಯಿಂದ ಬಂದ ತಂತುವಿಗೂ ತುಣುಕುಗಳ ವಿನಿಮಯ ನಡೆಯುತ್ತದೆ. ಹಾಗಾಗಿ ಆಯ್ಕೆ ಇತ್ತೀಚಿನದಾದರೆ ಒಮ್ಮತದ ಭಾಗ ಉದ್ದ, ಹಳೆಯದಾದರೆ ಮೊಟಕು. ಎರಡು ಸಮುದಾಯಗಳ ಪ್ರತಿಗಳನ್ನು ಹೋಲಿಸಿ, ಯಾವ ಸ್ಥಳದಲ್ಲಿ ಮಾತ್ರ ಅವು ಮಿತಿಮೀರಿ ಭಿನ್ನವಾಗಿವೆಯೆಂದು ನೋಡುವುದು ಮತ್ತೊಂದು ಉಪಾಯ. ಅದರ ಅಳತೆಗೋಲು ಸ್ಯೂಯಲ್ ರೈಟ್ ಎಂಬ ಅಮೆರಿಕದ ವಿದ್ವಾಂಸನದು, ಈ ಶತಮಾನಕ್ಕಿಂತ ಹಿಂದಿನದು.

ಹಂದಿಯ ಗ್ರಂಥವನ್ನು ಪೂರ್ಣವಾಗಿ ಓದಿ ಪ್ರಕಟಿಸಿದ್ದು ೨೦೧೨ರಲ್ಲಿ. ಓದಿದ್ದು ಡ್ಯೂರಾಕ್ ತಳಿಯ ಒಂದು ಹೆಣ್ಣಿನದು. ಯೂರೋಪಿನ ಕಾಡುಹಂದಿಯೂ ಏಷ್ಯದ ಕಾಡುಹಂದಿಯೂ ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದಿದ್ದುವೆಂದು ಆಗ ತಿಳಿದುಬಂತು. ಮನುಷ್ಯನು ಹಂದಿಯನ್ನು ಪಳಗಿಸಿದ್ದು ಸುಮಾರು ಒಂಬತ್ತು ಹತ್ತು ಸಾವಿರ ವರ್ಷಗಳ ಹಿಂದೆ, ಅನಾತೋಲಿಯದಲ್ಲಿ ಒಮ್ಮೆ, ಚೀನದಲ್ಲಿ ಒಮ್ಮೆ, ಪ್ರತ್ಯೇಕವಾಗಿ. ಅದರಿಂದ ಪಳಗಿದ ಹಂದಿಗಳಲ್ಲಿಯೇ ಎರಡು ದೂರದ ಶಾಖೆಗಳಿವೆ.

ಓದಿದ ಗುರುತುಗಳಲ್ಲಿ ಅತ್ಯಂತ ಸ್ವಾರಸ್ಯವಾದದ್ದು ಬೆನ್ನೆಲುಬಿನದು. ಡಾರ್ವಿನ್ ತನ್ನ ಗ್ರಂಥದಲ್ಲಿ ಈಟನ್ ಎಂಬವನು ಮಾಡಿದ ಎಣಿಕೆಯನ್ನು ಉದ್ಧರಿಸಿದ್ದಾನೆ. ಕಾಡುಹಂದಿಗೆ ಎದೆಯ ಮಣಿಗಳು ೧೪, ಸೊಂಟದವು ೫, ಒಟ್ಟು ೧೯. ಇಂಗ್ಲೆಂಡಿನ ಉದ್ದಗಾಲಿನ ಹಂದಿಗೆ ೧೫ ಮತ್ತು ೬, ಒಟ್ಟು ೨೧. ಚೀನದ ಹಂದಿಗೆ ೧೫ ಮತ್ತು ೪, ಮತ್ತೆ ೧೯. ಒಂದೇ ಜಾತಿಯ ಪ್ರಾಣಿಯಲ್ಲಿ ಬೆನ್ನಿನ ಮಣಿಗಳೇ ಹೆಚ್ಚುಕಡಿಮೆಯಾಗುವುದು ಆ ಕಾಲದ ಪ್ರಾಣಿಶಾಸ್ತ್ರಕ್ಕೆ ಒಂದು ವಿಸ್ಮಯ. ನೂರೈವತ್ತು ವರ್ಷಗಳ ತರುವಾಯ ಅದರ ಕಾರಣ ಬಿಡಿಸಿಕೊಂಡಿತು. ಜಪಾನಿನ ಸಂಶೋಧಕರು ೨೦೦೭ರಲ್ಲಿ ಎನ್‌ಆರ್೬ಎ೧ ಎಂಬ ವಂಶವಾಹಿಯಲ್ಲಿ ಒಂದು ಪಲ್ಲಟವನ್ನು ತೋರಿಸಿದರು; ಅದು ಇದ್ದರೆ ಮಣಿಗಳು ಹೆಚ್ಚುತ್ತವೆ. ಸ್ವೀಡನ್ನಿನ ಉಪ್ಸಾಲದ ತಂಡವು ೨೦೧೨ರಲ್ಲಿ ಪಳಗಿದ ಹಂದಿಗಳ ಗ್ರಂಥಗಳನ್ನೂ ಕಾಡುಹಂದಿಗಳದನ್ನೂ ತಾಳೆನೋಡಿದಾಗ, ಅತಿ ಬಲವಾದ ಒಮ್ಮತದ ಪಟ್ಟಿಗಳಲ್ಲಿ ಒಂದು ಸರಿಯಾಗಿ ಈ ಸ್ಥಳದಲ್ಲಿಯೇ ಇತ್ತು. ಇನ್ನೆರಡು ಪಿಎಲ್‌ಎಜಿ೧, ಎಲ್‌ಸಿಒಆರ್‌ಎಲ್ ಎಂಬ, ಮೈಯ ಉದ್ದಕ್ಕೂ ಗಾತ್ರಕ್ಕೂ ಸಂಬಂಧಪಟ್ಟ ಸ್ಥಳಗಳಲ್ಲಿ. ಯೂರೋಪಿನ ವ್ಯಾಪಾರೀ ತಳಿಗಳಲ್ಲಿ ಮಣಿಗಳು ಈಗ ೨೧ರಿಂದ ೨೩. ಒಬ್ಬ ರೈತನೂ ಹಂದಿಯ ಬೆನ್ನಿನ ಮಣಿಯನ್ನು ಎಣಿಸಿದವನಲ್ಲ. ಉದ್ದವಾದ ಹಂದಿಯಲ್ಲಿ ಉಪ್ಪುಹಾಕುವ ಪಕ್ಕೆಮಾಂಸ ಹೆಚ್ಚೆಂಬುದಷ್ಟೇ ಅವನಿಗೆ ಬೇಕಾಗಿತ್ತು. ಆ ಆಸೆಯೇ ಅಕ್ಷರವಾಗಿ ಉಳಿದಿದೆ.

ಮಾಂಸದ ಆಸೆಯ ಇನ್ನೊಂದು ಗುರುತು ಐಜಿಎಫ್೨ ಎಂಬ ವಂಶವಾಹಿಯಲ್ಲಿದೆ. ಪಲ್ಲಟವಾದದ್ದು ಒಂದೇ ಅಕ್ಷರ, ಅದೂ ಪ್ರೋಟೀನಿನ ಅರ್ಥ ಹೇಳದ ಮಧ್ಯಂತರ ಭಾಗದಲ್ಲಿ. ಸ್ವೀಡನ್ ಮತ್ತು ಬೆಲ್ಜಿಯಂ ದೇಶಗಳ ತಂಡಗಳು ೨೦೦೩ರಲ್ಲಿ ಇದನ್ನು ಗುರುತಿಸಿದುವು. ಆ ಅಕ್ಷರವಿದ್ದ ಹಂದಿಗೆ ಮಾಂಸ ಶೇಕಡ ಮೂರು ನಾಲ್ಕರಷ್ಟು ಹೆಚ್ಚು, ಬೆನ್ನಕೊಬ್ಬು ಕಡಿಮೆ. ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸಮಾಡುತ್ತದೆ, ತಾಯಿಯದು ಮೌನವಾಗಿರುತ್ತದೆ ಎಂಬುದು ಇದರಲ್ಲಿನ ವಿಶೇಷ. ಸೀಮೆಯ ಗಂಡನ್ನು ಊರ ಹೆಣ್ಣಿಗೆ ಕೂಡಿಸುವ ಯೋಜನೆಗಳಲ್ಲಿ ಮೊದಲ ಪೀಳಿಗೆಗೇ ಮಾಂಸ ಏರಿಕೊಂಡು ಕಾಣುವುದಕ್ಕೆ ಇದೂ ನೆರವಾಗಬಲ್ಲದು.

ಬಣ್ಣದ ವಿಷಯ ಬೇರೆಯೇ ಪಾಠವನ್ನು ಕಲಿಸುತ್ತದೆ. ಕಾಡುಹಂದಿಯ ಮೈ ಕಂದು, ಮರಿಗಳಿಗೆ ಉದ್ದುದ್ದ ಪಟ್ಟೆ. ಹುಲ್ಲಿನ ಮರೆಯಲ್ಲಿ ಅದೇ ಅವುಗಳ ರಕ್ಷೆ. ಬಣ್ಣವನ್ನು ನಿಯಂತ್ರಿಸುವ ಎಂಸಿ೧ಆರ್ ಎಂಬ ವಂಶವಾಹಿಯನ್ನು ಹೋಲಿಸಿ ೨೦೦೯ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಕಾಡುಹಂದಿಗಳಲ್ಲಿ ಕಂಡ ಪಲ್ಲಟಗಳಾವುವೂ ಪ್ರೋಟೀನನ್ನು ಬದಲಿಸುವಂಥವಲ್ಲ. ಕಾಡಿನಲ್ಲಿ ಬದಲಾದ ಬಣ್ಣದ ಮರಿ ಉಳಿಯುವುದಿಲ್ಲ. ಸಾಕುಹಂದಿಗಳಲ್ಲಿಯಾದರೋ ಹೆಚ್ಚಿನವು ಪ್ರೋಟೀನನ್ನು ಬದಲಿಸುವಂಥವೇ. ದೂರದಿಂದ ತನ್ನ ಹಂದಿಯನ್ನು ಗುರುತಿಸಲೆಂದೋ, ಕಣ್ಣಿಗೆ ಚೆಂದವೆಂದೋ, ಮನುಷ್ಯನು ಬಣ್ಣಗೆಟ್ಟ ಮರಿಗಳನ್ನು ಬೇಕೆಂದೇ ಉಳಿಸಿಕೊಂಡಿದ್ದಾನೆ. ಕಪ್ಪು ಬಣ್ಣವು ಏಷ್ಯದಲ್ಲಿ ಒಂದು ಪಲ್ಲಟದಿಂದ, ಯೂರೋಪಿನಲ್ಲಿ ಬೇರೊಂದು ಪಲ್ಲಟದಿಂದ ಹುಟ್ಟಿದೆ. ಎರಡು ಊರಿನ ಲಿಪಿಕಾರರು ಬೇರೆಬೇರೆ ತಪ್ಪಿನಿಂದ ಒಂದೇ ಪದಕ್ಕೆ ಬಂದುಮುಟ್ಟಿದಂತೆ ಇದು. ಯಾರ್ಕ್‌ಷೈರಿನ ಬಿಳುಪು ಕೆಐಟಿ ಎಂಬ ಮತ್ತೊಂದು ವಂಶವಾಹಿ ಇಮ್ಮಡಿಯಾಗಿ, ಜೊತೆಗೆ ಒಂದು ಕಡೆ ಕೆಟ್ಟದ್ದರ ಫಲ. ಹೀಗಿರುವಾಗ ಊರಹಂದಿಯ ಕಪ್ಪನ್ನು 'ಕಾಡಿನ ಬಣ್ಣ' ಎನ್ನುವುದು ತಪ್ಪು. ಕಪ್ಪು ಹಂದಿಯು ಪಳಗಿದ ಹಂದಿ. ಅದರ ಈತದಲ್ಲಿ ಒಮ್ಮೊಮ್ಮೆ ಪಟ್ಟೆಯ ಮರಿ ಕಂಡುಬಂದರೆ ಕಾಡಿನ ಗಂಡಿನ ನೆನಪು ಅಲ್ಲಿ ಉಳಿದಿದೆಯೆಂದು ಶಂಕಿಸಬಹುದು.

ಕಾಡಿನ ನೆನಪೆಂದ ಕೂಡಲೆ ಒಂದು ಆಕ್ಷೇಪ ಏಳುತ್ತದೆ. ಊರಹಂದಿ ಕಟ್ಟಿಲ್ಲದೆ ಅಲೆಯುವ ಪ್ರಾಣಿ. ಪೂರ್ವಘಟ್ಟದ ಅಂಚಿನ ಹಳ್ಳಿಗಳಲ್ಲಿ ಕಾಡುಹಂದಿಯೊಡನೆ ಕೂಡುವುದುಂಟು. ಇಂಥದರಲ್ಲಿ ಆಯ್ಕೆಯ ಗುರುತು ಉಳಿದೀತೆ? ಯೂರೋಪಿನ ಹಂದಿಗಳನ್ನು ಕುರಿತು ೨೦೧೫ರಲ್ಲಿ ಹೊರಬಂದ ಶೋಧನೆ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿಯೂ ಸಾವಿರಾರು ವರ್ಷ ಕಾಡಿನ ರಕ್ತ ಊರಿನ ಹಂದಿಗೆ ಸೇರುತ್ತಲೇ ಇತ್ತು. ಆದರೂ ಮೈಕಟ್ಟು, ಸ್ವಭಾವಗಳನ್ನು ನಿಯಂತ್ರಿಸುವ ಕೆಲವು ಸ್ಥಳಗಳು ಹೊಳೆಯ ನಡುವಿನ ನಡುಗಡ್ಡೆಗಳಂತೆ ಬೆರಕೆಗೆ ಮುಳುಗದೆ ಉಳಿದುವು. ಕಾಡಿನ ಗುಣ ತೋರಿದ ಮರಿಗಳನ್ನು ಸಾಕುವವರು ಪ್ರತಿ ಪೀಳಿಗೆಯಲ್ಲಿಯೂ ಕಳೆದುಹಾಕಿದ್ದೇ ಇದಕ್ಕೆ ಕಾರಣ. ಬೇಲಿಯಿಲ್ಲದೆಯೂ ಆಯ್ಕೆ ನಡೆಯುತ್ತದೆ.

ಹೀಗೆಂದ ಮಾತ್ರಕ್ಕೆ ಎಲ್ಲ ಒಮ್ಮತವೂ ಆಯ್ಕೆಯ ಗುರುತಾಗಲಾರದು. ನೂರು ಪ್ರತಿಗಳ ಪೈಕಿ ತೊಂಬತ್ತೆಂಟು ಬೆಂಕಿಗೆ ಆಹುತಿಯಾಗಿ ಎರಡೇ ಉಳಿದರೆ, ಮುಂದಿನ ಪ್ರತಿಗಳೆಲ್ಲ ಆ ಎರಡರ ಮಕ್ಕಳಾಗಿ, ಮೆಚ್ಚುಗೆಯ ಮಾತೇ ಇಲ್ಲದೆ ಒಮ್ಮತ ಹುಟ್ಟುತ್ತದೆ. ರೋಗ ಬಂದು ಊರಿನ ಹಂದಿಗಳೆಲ್ಲ ಸತ್ತು ಎರಡು ಮೂರು ಉಳಿದ ಹಿಂಡಿನಲ್ಲಿ, ಅಥವಾ ಒಂದೇ ಗಂಡಿನಿಂದ ನಾಲ್ಕಾರು ವರ್ಷ ಮರಿ ಪಡೆದ ಕೇರಿಯಲ್ಲಿ, ಆಗುವುದು ಇದೇ. ಇಂಥ ಆಕಸ್ಮಿಕದ ಒಮ್ಮತ ಗ್ರಂಥದ ತುಂಬ ಚೆಲ್ಲಾಡಿರುತ್ತದೆ; ಆಯ್ಕೆಯ ಒಮ್ಮತ ಒಂದೆರಡು ನಿಯತ ಸ್ಥಳಗಳಲ್ಲಿ ಗುಂಪಾಗಿರುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಪರಸ್ಪರ ಸಂಬಂಧವಿಲ್ಲದ ಹಲವು ಹಿಂಡುಗಳನ್ನು ಓದಬೇಕು. ಓದುವ ಸಲಕರಣೆಯಲ್ಲಿಯೂ ಒಂದು ಪಕ್ಷಪಾತವಿದೆ. ೨೦೦೯ರಲ್ಲಿ ಬಳಕೆಗೆ ಬಂದ, ಸುಮಾರು ೬೦ ಸಾವಿರ ಸ್ಥಳಗಳನ್ನು ಒಮ್ಮೆಗೇ ಪರೀಕ್ಷಿಸುವ ಫಲಕವು ಅಗ್ಗವಾದದ್ದು, ಎಲ್ಲರೂ ಬಳಸುವಂಥದು. ಆದರೆ ಆ ಸ್ಥಳಗಳನ್ನು ಆರಿಸಿದ್ದು ಡ್ಯೂರಾಕ್, ಪಿಯೆತ್ರೇನ್, ಲ್ಯಾಂಡ್‌ರೇಸ್, ಲಾರ್ಜ್ ವೈಟ್ ತಳಿಗಳಲ್ಲಿಯೂ ಕಾಡುಹಂದಿಯಲ್ಲಿಯೂ ಕಂಡ ಭೇದಗಳಿಂದ. ಊರಹಂದಿಯಲ್ಲಿ ಮಾತ್ರ ಇರುವ ಭೇದ ಅದಕ್ಕೆ ಕಾಣುವುದೇ ಇಲ್ಲ. ಬನಾರಸಿನ ಪ್ರತಿಯ ಪಾಠಭೇದಗಳ ಪಟ್ಟಿಯನ್ನು ಹಿಡಿದು ಮೂಡಬಿದಿರೆಯ ಪ್ರತಿಯನ್ನು ಪರೀಕ್ಷಿಸಿದರೆ ಅದು ಬಡವಾಗಿ ತೋರುವುದು ಪ್ರತಿಯ ದೋಷವಲ್ಲ. ಭಾರತದ ಹಂದಿಗಳ ವಿಷಯದಲ್ಲಿ ಫಲಕವನ್ನು ನಂಬಿ 'ವೈವಿಧ್ಯ ಕಡಿಮೆ' ಎಂದು ತೀರ್ಮಾನಿಸುವವರು ಇದನ್ನು ನೆನಪಿಡತಕ್ಕದ್ದು. ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದುವುದೊಂದೇ ಸರಿಯಾದ ದಾರಿ.

ಊರಹಂದಿಯಲ್ಲಿ ಹುಡುಕಬೇಕಾದದ್ದು ಮಾಂಸದ ಗುರುತನ್ನಲ್ಲ. ನಿಸರ್ಗದ ಆಯ್ಕೆ ಹಂದಿಯಲ್ಲಿ ಎಷ್ಟು ಆಳವಾದ ಗುರುತು ಬಿಡಬಲ್ಲದೆಂಬುದಕ್ಕೆ ಚೀನದಲ್ಲಿ ಉದಾಹರಣೆಗಳಿವೆ. ಟಿಬೆಟ್ಟಿನ ಹಂದಿಯ ವಂಶವಾಹಿಗಳಲ್ಲಿ ಎತ್ತರದ ತೆಳುಗಾಳಿಗೆ ಹೊಂದಿಕೊಂಡ ಚಿಹ್ನೆಗಳನ್ನು ೨೦೧೩ರಲ್ಲಿ ವಿವರಿಸಿದ್ದಾರೆ. ಚೀನದ ಉತ್ತರದ ಮತ್ತು ದಕ್ಷಿಣದ ಹಂದಿಗಳನ್ನು ಹೋಲಿಸಿದ ೨೦೧೫ರ ಶೋಧನೆಯಲ್ಲಿ ಎಕ್ಸ್ ವರ್ಣತಂತುವಿನ ೧ ಕೋಟಿ ೪೦ ಲಕ್ಷ ಅಕ್ಷರಗಳಷ್ಟು ಉದ್ದದ ಒಂದು ಭಾಗವೇ ಎರಡು ಕಡೆ ಎರಡು ಬಗೆಯಾಗಿರುವುದು ಕಂಡಿತು. ಶೀತಪ್ರದೇಶಕ್ಕೂ ಉಷ್ಣಪ್ರದೇಶಕ್ಕೂ ಒಗ್ಗಿದ್ದರ ಚಿಹ್ನೆ ಇದೆಂದು ಅವರು ಊಹಿಸುತ್ತಾರೆ. ಅದರ ಒಂದು ರೂಪ ಈಗ ಅಳಿದುಹೋದ ಬೇರೊಂದು ಹಂದಿಜಾತಿಯಿಂದ ಬಂದಿರಬಹುದಂತೆ. ಶೀತದ ಮಾತು ಬಂದುದರಿಂದ ಹೇಳಬಹುದು: ಮೈಯ ಕಂದುಕೊಬ್ಬನ್ನು ಉರಿಸಿ ಶಾಖ ಹುಟ್ಟಿಸುವ ಯುಸಿಪಿ೧ ಎಂಬ ವಂಶವಾಹಿ ಹಂದಿಯ ಪೂರ್ವಜರಲ್ಲಿ ಸುಮಾರು ಎರಡು ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. ಬಿಸಿಲನಾಡಿನಲ್ಲಿ ಅದು ಬೇಕಾಗಿರಲಿಲ್ಲ. ಅದಕ್ಕೇ ಹಂದಿಯ ಮರಿಗಳು ಚಳಿಗೆ ನಡುಗುತ್ತವೆ. ಈಯುವ ಮುನ್ನ ತಾಯಿ ಹುಲ್ಲು ಸೊಪ್ಪು ಒಟ್ಟಿ ಗೂಡು ಮಾಡುತ್ತದೆ, ಬೀದಿಯ ಹಂದಿಯೂ ಮಾಡುತ್ತದೆ.

ವಿಜಯವಾಡದ ವೈಶಾಖದ ಬಿಸಿಲನ್ನು ಬಲ್ಲವರಿಗೆ ಉಷ್ಣದ ಆಯ್ಕೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಹಂದಿಗೆ ಬೆವರಿ ತಣಿಯುವ ಶಕ್ತಿ ಇಲ್ಲ; ಕೆಸರೇ ಅದರ ಬೆವರು. ಬಿಳಿಯ ಚರ್ಮ ಬಿಸಿಲಿಗೆ ಸುಡುತ್ತದೆ. ಬೇಗ ಬೆಳೆಯುವ ದೊಡ್ಡ ಮೈ ತನ್ನ ಶಾಖವನ್ನೇ ಹೊರಚೆಲ್ಲಲಾರದೆ ಸೋಲುತ್ತದೆ. ಚಿಕ್ಕ ಮೈ, ಕಪ್ಪು ಚರ್ಮ, ವಿರಳ ಕೂದಲು ಇವು ಇಲ್ಲಿ ದೋಷಗಳಲ್ಲ. ಆಹಾರದ ಆಯ್ಕೆಯೂ ಅಷ್ಟೇ ಕಠಿಣ. ಎಂಜಲು, ಹುಳು, ಗೆಡ್ಡೆ, ಕೊಳೆತ ಕಾಯಿಪಲ್ಯಗಳಲ್ಲಿ ಬದುಕಿ, ಅದರಲ್ಲಿಯೇ ಗಬ್ಬವಾಗಿ, ೧೧೪ ದಿನ ಹೊತ್ತು ಈಯುವ ಹೆಣ್ಣು ಹನ್ನೆರಡು ಮರಿಗಳಿಗೆ ಹಾಲುಣಿಸಲಾರದು; ಆರಕ್ಕೆ ಉಣಿಸುತ್ತದೆ. ಸೂಲಿನ ಮರಿಸಂಖ್ಯೆ ಕಡಿಮೆ ಎಂಬ ಆಕ್ಷೇಪ ಎತ್ತುವವರು ಮೇವಿನ ಲೆಕ್ಕವನ್ನೂ ಕೂಡಿಸಬೇಕು. ಊರಹಂದಿ ರೋಗಗಳನ್ನು ತಾಳಿಕೊಳ್ಳುತ್ತದೆಂಬ ಮಾತು ಮಾತ್ರ ಎಚ್ಚರಿಕೆಯಿಂದ ಸ್ವೀಕರಿಸಬೇಕಾದದ್ದು. ೨೦೨೦ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಮೊದಲು ಕಾಣಿಸಿಕೊಂಡ ಆಫ್ರಿಕದ ಹಂದಿಜ್ವರವು ದೇಶೀ ವಿದೇಶೀ ಭೇದವಿಲ್ಲದೆ ಕೊಂದಿದೆ. ಅದನ್ನು ತಾಳಿಕೊಳ್ಳುವುದು ಆಫ್ರಿಕದಲ್ಲಿಯೇ ಅದರೊಡನೆ ಬಾಳಿದ ವಾರ್ಟ್‌ಹಾಗ್ ಎಂಬ ಕಾಡುಪ್ರಾಣಿ. ಹಿಂದೆ ಕಾಣದ ರೋಗಕ್ಕೆ ಯಾವ ಆಯ್ಕೆಯೂ ಮುಂಚಿತವಾಗಿ ಸಿದ್ಧತೆ ಮಾಡಿರುವುದಿಲ್ಲ.

ಇಂಥ ಶೋಧನೆಗೆ ಆಂಧ್ರದ ಕರಾವಳಿ ಅನುಕೂಲವಾದ ಕ್ಷೇತ್ರ. ವಿಶಾಖಪಟ್ಟಣದ ಹಿಂದೆ ಅರಕು, ಪಾಡೇರುಗಳ ಬೆಟ್ಟಗಳಿವೆ. ೨೦೨೨ರಿಂದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯೆನಿಸಿದ ಆ ಸೀಮೆಯ ಗಿರಿಜನರ ಹಳ್ಳಿಗಳಲ್ಲಿ ತಂಪಿನಲ್ಲಿ, ಕಾಡಿನ ನೆರೆಯಲ್ಲಿ ಹಂದಿಗಳು ಬೆಳೆಯುತ್ತವೆ. ಮುನ್ನೂರೈವತ್ತು ಕಿಲೋಮೀಟರಿನಾಚೆ ಕೃಷ್ಣೆಯ ಮುಖಜಭೂಮಿಯಲ್ಲಿ ಸೆಕೆ, ಭತ್ತದ ಗದ್ದೆ, ನಗರದ ಕಸ. ಎರಡು ಕಡೆಯ ಹಿಂಡುಗಳನ್ನು ಓದಿದಾಗ ಎರಡರಲ್ಲಿಯೂ ಒಂದೇ ಸ್ಥಳದಲ್ಲಿ ಒಮ್ಮತ ಸಿಕ್ಕರೆ ಅದು ಊರಹಂದಿಯ ಸಾಮಾನ್ಯ ಲಕ್ಷಣವಾಗುತ್ತದೆ. ಒಂದರಲ್ಲಿ ಮಾತ್ರ ಸಿಕ್ಕರೆ ಸೆಕೆಯೋ ಬೆಟ್ಟವೋ ಕಾರಣವೆಂದು ವಿಚಾರಿಸಬಹುದು. ಇವೆರಡಕ್ಕೂ ತಾಳೆನೋಡಲು ಗನ್ನವರವಿದೆ. ವಿಜಯವಾಡದ ವಿಮಾನನಿಲ್ದಾಣಕ್ಕೆ ಹೋಗಿಬರುವವರು ನಿತ್ಯ ಕಾಣುವ ಈ ಊರು, ದೇಶದಲ್ಲಿ ಮೊದಲಿಗೆ ಸ್ಥಾಪಿತವಾದ ಕೆಲವೇ ಪ್ರಾದೇಶಿಕ ಹಂದಿತಳಿ ಕೇಂದ್ರಗಳಲ್ಲಿ ಒಂದಾಗಿದ್ದು, ಬೇಕನ್ ಕಾರ್ಖಾನೆಯನ್ನೂ ಹೊಂದಿತ್ತು. ಅಲ್ಲಿಂದ ಸೀಮೆಯ ಗಂಡುಗಳು ಸುತ್ತಲಿನ ಹಳ್ಳಿಗಳಿಗೆ ಹೋದವು. ಪಶುವೈದ್ಯ ಕಾಲೇಜು ಅಲ್ಲಿ ಈಗಲೂ ಇದೆ.

ಸುಧಾರಣೆಯ ಕತೆಯನ್ನು ಹಗುರವಾಗಿ ಕಾಣಬಾರದು. ೧೯೭೦-೭೧ರಲ್ಲಿ ಆರಂಭವಾದ ಅಖಿಲ ಭಾರತ ಹಂದಿ ಸಂಶೋಧನಾ ಯೋಜನೆಯ ಮೊದಲ ಕೇಂದ್ರಗಳಲ್ಲಿ ತಿರುಪತಿಯೂ ಒಂದು. ಅಲ್ಲಿ ಸಿದ್ಧವಾದ ಟಿ-೧೭ ಎಂಬ ಮಿಶ್ರತಳಿಯಲ್ಲಿ ಮುಕ್ಕಾಲು ಪಾಲು ಲಾರ್ಜ್ ವೈಟ್, ಕಾಲು ಪಾಲು ದೇಶೀ. ಆ ಕಾಲು ಪಾಲಿನ ಅವಶ್ಯಕತೆಯನ್ನು ಅದನ್ನು ರೂಪಿಸಿದವರು ಬಲ್ಲರು. ಪೂರ್ತಿ ಸೀಮೆಯ ಹಂದಿ ಇಲ್ಲಿ ಬಾಳದು. ಪ್ರಶ್ನೆ ಏನೆಂದರೆ, ಆ ಕಾಲು ಪಾಲಿನಲ್ಲಿ ಯಾವ ಅಕ್ಷರಗಳು ಉಳಿಯಬೇಕೆಂದು ತಿಳಿಯದೆ ಬೆರೆಸುತ್ತ ಹೋದರೆ ಬೇಕಾದದ್ದೇ ಕಳೆದುಹೋಗಬಹುದು. ವಿಪರ್ಯಾಸವೆಂದರೆ ಲಾರ್ಜ್ ವೈಟ್ ಕೂಡ ಶುದ್ಧ ಯೂರೋಪಿನದಲ್ಲ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನವರು ಚೀನದ ಹಂದಿಗಳನ್ನು ತರಿಸಿ ತಮ್ಮವುಗಳೊಡನೆ ಕೂಡಿಸಿದರು. ಆ ತಳಿಯ ಗ್ರಂಥದಲ್ಲಿ ಏಷ್ಯದ ಗರಿಗಳು ಎಲ್ಲೆಲ್ಲಿ ಸೇರಿವೆಯೆಂದು ೨೦೧೪ರಲ್ಲಿ ಓದಿದಾಗ, ಎಎಚ್‌ಆರ್ ಎಂಬ ಸ್ಥಳದಲ್ಲಿ ಏಷ್ಯದ ಪಾಠವೇ ಆಯ್ಕೆಗೊಂಡು ಮೇಲುಗೈ ಪಡೆದಿರುವುದೂ, ಅದು ಸೂಲಿನ ಮರಿಸಂಖ್ಯೆಗೆ ಸಂಬಂಧಪಟ್ಟಿರುವುದೂ ಗೋಚರವಾಯಿತು. ಪೂರ್ವದ ಹಂದಿಗಳ ಮರಿಸಂಪತ್ತು ಹೀಗೆ ಪಶ್ಚಿಮದ ತಳಿಯ ಕೀರ್ತಿಯಲ್ಲಿ ಅಡಗಿ ಕುಳಿತಿದೆ.

ಇತ್ತ ನಗರಗಳಲ್ಲಿ ಊರಹಂದಿಗೆ ಎಡೆಯಿಲ್ಲದಾಗುತ್ತಿದೆ. ಪುರಸಭೆಗಳ ಭಯ ನಿರಾಧಾರವಲ್ಲ. ಜಪಾನೀ ಮಿದುಳುಜ್ವರದ ವಿಷಾಣು ಹಂದಿಯ ರಕ್ತದಲ್ಲಿ ಹೆಚ್ಚಿ, ಭತ್ತದ ಗದ್ದೆಯ ಸೊಳ್ಳೆಗಳ ಮೂಲಕ ಮಕ್ಕಳಿಗೆ ತಗಲುತ್ತದೆ. ೧೯೯೯ರಲ್ಲಿ ಆಂಧ್ರಪ್ರದೇಶ ಇದರಿಂದ ಬಹಳ ನೊಂದಿದೆ. ಹಂದಿಯನ್ನು ಜನವಸತಿಯಿಂದ ದೂರವಿಡಬೇಕೆಂಬುದು ನ್ಯಾಯ. ಆದರೆ ದೂರವಿಡುವುದಕ್ಕೂ ಇಲ್ಲವಾಗಿಸುವುದಕ್ಕೂ ಅಂತರವಿದೆ. ಬ್ಯಾಂಕಿನ ಸಾಲವೂ ಸರ್ಕಾರದ ಸಹಾಯಧನವೂ ಹರಿಯುವ ದಿಕ್ಕು ಬೇರೆಯಾಗಿದೆ. ೨೦೨೧ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ನು ೧೦೦ ಹೆಣ್ಣು, ೧೦ ಗಂಡು ಹಂದಿಗಳ ಘಟಕಕ್ಕೆ ಬಂಡವಾಳದ ಅರ್ಧದಷ್ಟು, ೩೦ ಲಕ್ಷ ರೂಪಾಯಿ ಮಿತಿಗೊಳಪಟ್ಟು, ಸಹಾಯಧನವನ್ನು ಗೊತ್ತುಮಾಡಿತು. ಅಂಥ ಘಟಕದ ಆದಾಯವನ್ನು ಲೆಕ್ಕಹಾಕುವವನು ಸೂಲಿಗೆ ಎಷ್ಟು ಮರಿ, ದಿನಕ್ಕೆ ಎಷ್ಟು ತೂಕ ಎಂದು ಬರೆಯಬೇಕು. ಆರು ಮರಿಯ ಕಪ್ಪು ಹಂದಿಯನ್ನು ಆ ಕೋಷ್ಟಕದಲ್ಲಿ ಬರೆದರೆ ಸಾಲ ತೀರುವ ಹಾಗೆ ಕಾಣುವುದಿಲ್ಲ. ಕೊಳ್ಳದ ಮೇವು, ಕಟ್ಟದ ಕಟ್ಟಡ, ಬೇಡದ ತಂಪುಪಂಖಗಳಿಗೆ ಕೋಷ್ಟಕದಲ್ಲಿ ಅಂಕಣವಿಲ್ಲ. ಆದರೂ ೨೦೧೨ರಿಂದ ೨೦೧೯ರವರೆಗೆ ದೇಶೀ ಹಂದಿಗಳು ಶೇಕಡ ಒಂಬತ್ತರ ಸಮೀಪ ಇಳಿದರೆ, ವಿದೇಶೀ ಮತ್ತು ಮಿಶ್ರತಳಿಗಳು ಶೇಕಡ ಇಪ್ಪತ್ತೆರಡಕ್ಕಿಂತ ಹೆಚ್ಚು ಇಳಿದಿವೆ. ಕೋಷ್ಟಕ ಬರೆಯುವವರು ಈ ಅಂಕಿಯನ್ನೂ ಒಂದು ಸಾರಿ ನೋಡಬಹುದು.

ಓದುವ ಕೆಲಸಕ್ಕೆ ಬೇಕಾದದ್ದು ದೊಡ್ಡದೇನಲ್ಲ. ಪರಸ್ಪರ ಬಂಧುತ್ವವಿಲ್ಲದ ಹಂದಿಗಳಿಂದ, ಹಿಂಡಿಗೆ ಒಂದೆರಡರಂತೆ, ಕಿವಿಯ ಅಂಚಿನ ಕಡ್ಡಿಯಗಲದ ಚೂರು ಸಾಕು, ಮದ್ಯಸಾರದಲ್ಲಿಟ್ಟರೆ ಕೆಡದು. ಕಠಿಣವಾದದ್ದು 'ಬಂಧುತ್ವವಿಲ್ಲದ' ಎಂಬ ಮಾತು. ಇದರ ತಾಯಿ ಯಾವುದು, ಆ ಕೇರಿಯ ಗಂಡು ಎಲ್ಲಿಂದ ಬಂತು, ಸೀಮೆಯ ಗಂಡು ಎಂದಾದರೂ ಇತ್ತ ಸುಳಿದಿತ್ತೇ ಎಂಬುದನ್ನು ಯಾವ ಯಂತ್ರವೂ ಮುಂಚಿತವಾಗಿ ಹೇಳಲಾರದು. ಅದನ್ನು ಹೇಳಬಲ್ಲವರು ಮರಿಯಿದ್ದಾಗಲೇ ಕಿವಿಗೆ ತಮ್ಮ ಮನೆಯ ಕತ್ತರಿಗುರುತು ಹಾಕಿ ಬೀದಿಗೆ ಬಿಟ್ಟ ಎರುಕಲರ ಮನೆಗಳ ಹೆಂಗಸರು ಮತ್ತು ಗಂಡಸರು. ಚೂರನ್ನು ತೆಗೆಯುವ ದಿನವೇ ಅವರ ಮಾತನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳತಕ್ಕದ್ದು.